ಲಹೈನಾ: ಕೊಳ, ಹೊಳೆ, ಕೆಸುವಿನ ಗದ್ದೆ ಇದ್ದ ಊರು ಒಣಗಿದ್ದು ಹೇಗೆ?

ಕಡಲಬದಿ:
2023ರ ಆಗಸ್ಟ್ 8ರಂದು ಹವಾಯಿಯ ಲಹೈನಾ ಊರು ಸುಟ್ಟುಹೋದ ಸುದ್ದಿ ನಮ್ಮ ಟಿವಿಗಳಲ್ಲೂ ಬಂದಿತ್ತು. 102 ಜನ ಸತ್ತರು. ಸುಮಾರು 2,200 ಕಟ್ಟಡಗಳು ಹಾಳಾದವು. ನೂರು ವರ್ಷಗಳಲ್ಲಿ ಅಮೆರಿಕದ ಯಾವ ಕಾಳ್ಗಿಚ್ಚೂ ಇಷ್ಟು ಜನರ ಪ್ರಾಣ ತೆಗೆದಿರಲಿಲ್ಲ. ಆದರೆ ಎಲ್ಲ ಕಡೆ "ಪ್ರವಾಸಿಗರ ಊರು ಬೂದಿಯಾಯಿತು" ಅಂತ ಹೇಳಿ ಮುಗಿಸಿಬಿಟ್ಟರು. ನನಗೆ ಅದು ಸರಿ ಕಾಣಲಿಲ್ಲ.

ಲಹೈನಾ ಹವಾಯಿ ಅರಸರ ರಾಜಧಾನಿಯಾಗಿತ್ತು. ಹವಾಯಿಯ ಮೊದಲ ಸಂವಿಧಾನ 1840ರಲ್ಲಿ ಬಂದದ್ದು ಲಹೈನಾ ರಾಜಧಾನಿಯಾಗಿದ್ದ ಕಾಲದಲ್ಲೇ. ಊರಿನೊಳಗೆ ಮೊಕುಹಿನಿಯಾ ಅನ್ನುವ ದೊಡ್ಡ ಕೊಳ. ಕೊಳದಲ್ಲಿ ಮೊಕುಉಲಾ ಅನ್ನುವ ಪುಟ್ಟ ನಡುಗಡ್ಡೆ. ಮೂರನೇ ಕಮೇಹಮೇಹ ಅರಸ ವಾಸವಿದ್ದದ್ದು ಆ ನಡುಗಡ್ಡೆಯಲ್ಲಿ. ಸುತ್ತ ಕೆಸುವಿನ ಗದ್ದೆ, ಮೀನಿನ ಹೊಂಡ, ಜೀಗುಜ್ಜೆ ತೋಪು. ಈಗ ಅದೇ ಕೊಳದ ಮೇಲೆ ಆಟದ ಮೈದಾನ ಇದೆ. 1914ರಲ್ಲಿ ಮಣ್ಣು ತುಂಬಿಸಿ ಮುಚ್ಚಿಬಿಟ್ಟರು.

ಇಷ್ಟು ನೀರಿದ್ದ ಊರು ಹೀಗೆ ಹೊತ್ತಿ ಉರಿಯುವಷ್ಟು ಒಣಗಿದ್ದು ಹೇಗೆ? ಅದು ತಾನಾಗಿ ಆಗಲಿಲ್ಲ ಅನ್ನೋದು ನನ್ನ ವಾದ. ಭೂಗೋಳ ಗೊತ್ತಿರುವವರು, ಕೃಷಿ ಮಾಡುವವರು, ಆ ಕಡೆ ಹೋಗಿ ಬಂದವರು ದಯವಿಟ್ಟು ಬರೆಯಿರಿ.

ಕುತೂಹಲಿ:
ಒಳ್ಳೆ ವಿಷಯ ಎತ್ತಿದ್ದೀರಿ. ಆದರೆ ಒಂದು ಅನುಮಾನ. ಲಹೈನಾ ಕಡೆ ಮಳೆಯೇ ಇಲ್ಲ, ಸದಾ ಬಿಸಿಲು, ಅದಕ್ಕೇ ಪ್ರವಾಸಿಗರು ಬರ್ತಾರೆ ಅಂತ ಎಲ್ಲೆಡೆ ಬರೆದಿರ್ತಾರೆ. ಮಳೆ ಇಲ್ಲದ ಕಡೆ ಕೆಸುವಿನ ಗದ್ದೆ ಹೇಗೆ ಬಂತು? ಅದು ಮೊದಲಿಂದಲೂ ಒಣ ಪ್ರದೇಶವೇ ಅಲ್ವಾ?

ಭೂಗೋಳದ ಮೇಷ್ಟ್ರು:
ಊರಿನಲ್ಲಿ ಮಳೆ ಕಡಿಮೆ ಅನ್ನೋದು ನಿಜ. ವರ್ಷಕ್ಕೆ 15 ಇಂಚಿನ ಆಸುಪಾಸು ಅಷ್ಟೇ. ಆದರೆ ಊರಿನ ಬೆನ್ನಿಗಿರುವ ಬೆಟ್ಟದ ಲೆಕ್ಕವೇ ಬೇರೆ.

ಲಹೈನಾ ಇರುವ ಮಾವಿ ದ್ವೀಪ ಎರಡು ಜ್ವಾಲಾಮುಖಿ ಬೆಟ್ಟಗಳು ಕೂಡಿ ಆದದ್ದು. ಪೂರ್ವಕ್ಕೆ ಹಲೆಅಕಲಾ, 3,055 ಮೀಟರ್ ಎತ್ತರ. ಪಶ್ಚಿಮಕ್ಕೆ ಅದಕ್ಕಿಂತ ಹಳೆಯ ಬೆಟ್ಟಸಾಲು. ಮಳೆ ಹೊಡೆತಕ್ಕೆ ಸವೆದು ಆಳವಾದ ಕಣಿವೆಗಳಾಗಿ ಸೀಳಿಹೋಗಿದೆ. ಎರಡರ ನಡುವೆ ತಗ್ಗಾದ ಬಯಲು. ಪಶ್ಚಿಮ ಸಾಲಿನ ತುತ್ತತುದಿ ಪುಉ ಕುಕುಯಿ, 1,764 ಮೀಟರ್. ಅಲ್ಲಿ ವರ್ಷಕ್ಕೆ ಸರಾಸರಿ 9,000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುತ್ತದೆ. ಭೂಮಿಯ ಮೇಲೆ ಅತಿ ಹೆಚ್ಚು ಮಳೆ ಕಾಣುವ ಜಾಗಗಳಲ್ಲಿ ಅದೂ ಒಂದು. ಅಲ್ಲಿಂದ ಲಹೈನಾಗೆ ನೇರ ದೂರ ಸುಮಾರು ಹತ್ತು ಕಿ.ಮೀ. ಮಾತ್ರ.

ಹವಾಯಿಗೆ ಮಳೆ ತರುವುದು ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತ. ಮೋಡ ಬೆಟ್ಟದ ಆ ಮಗ್ಗುಲನ್ನು ಹತ್ತುವಾಗಲೇ ನೀರೆಲ್ಲ ಸುರಿದುಬಿಡುತ್ತದೆ. ಈ ಮಗ್ಗುಲಿಗೆ ಇಳಿಯುವುದು ಒಣಗಾಳಿ. ನಮಗೆ ಕರಾವಳಿ ಅಂದರೆ ಮಳೆ, ಘಟ್ಟ ಹತ್ತಿ ಪೂರ್ವಕ್ಕೆ ಬಂದರೆ ಒಣ. ಲಹೈನಾದಲ್ಲಿ ಇದು ತಿರುಗುಮುರುಗು. ಕಡಲ ದಡವೇ ಒಣ.

ಆದರೆ ತುದಿಯಲ್ಲಿ ಬಿದ್ದ ಮಳೆ ಎಲ್ಲಿಗೆ ಹೋಗಬೇಕು? ಒಂದಷ್ಟು ನೀರು ಕವಾಉಲಾ, ಕನಹಾ, ಕಹೊಮಾ ಕಣಿವೆಗಳಲ್ಲಿ ಹೊಳೆಯಾಗಿ ಊರಿನ ಕಡೆಗೇ ಇಳಿಯುತ್ತಿತ್ತು. ಒಂದಷ್ಟು ಕಲ್ಲಿನೊಳಗೆ ಇಂಗಿ ಕಡಲ ಹತ್ತಿರ ಬುಗ್ಗೆಯಾಗಿ ಏಳುತ್ತಿತ್ತು. ಮೊಕುಹಿನಿಯಾ ಕೊಳ ತುಂಬುತ್ತಿದ್ದದ್ದು ಹೀಗೆ. ಅಂದರೆ ಆಕಾಶದಿಂದ ನೀರು ಬರದಿದ್ದರೂ ಬೆಟ್ಟದಿಂದ ಬರುತ್ತಿತ್ತು. ಮೇಲೆ ಬಿಸಿಲು, ಕೆಳಗೆ ಹರಿಯುವ ನೀರು. ಬೆಳೆಗೆ ಇದಕ್ಕಿಂತ ಒಳ್ಳೆ ಜಾಗ ಸಿಗೋದು ಕಷ್ಟ.

ತೋಟದಮನೆ:
ಮೇಷ್ಟ್ರು ಹೇಳಿದ ಮೇಲೆ ಕೃಷಿಯ ಕಡೆಯಿಂದ ನಾನು ಸ್ವಲ್ಪ ಸೇರಿಸ್ತೀನಿ.

ಹವಾಯಿಯವರು ಕೆಸುವಿಗೆ ಕಲೊ ಅಂತಾರೆ. ಗೆಡ್ಡೆಯನ್ನು ಬೇಯಿಸಿ, ಕಲ್ಲಿನಿಂದ ಜಜ್ಜಿ, ನೀರು ಸೇರಿಸಿ ಮಾಡುವ ಪೊಯಿ ಅವರ ದಿನನಿತ್ಯದ ಊಟ. ಅವರು ಕೆಸುವನ್ನು ಭತ್ತದ ಹಾಗೆ ನೀರು ನಿಲ್ಲಿಸಿದ ಗದ್ದೆಯಲ್ಲಿ ಬೆಳೆಯುತ್ತಾರೆ. ನೀರು ನಿಂತಲ್ಲೇ ನಿಂತು ಬಿಸಿಯಾದರೆ ಗೆಡ್ಡೆ ಕೊಳೆಯುತ್ತದೆ. ಹಾಗಾಗಿ ತಂಪು ನೀರು ಹರೀತಾನೇ ಇರಬೇಕು.

ಅದಕ್ಕೆ ಅವರು ಮಾಡಿದ್ದ ಏರ್ಪಾಡು ನೋಡಿ. ಹೊಳೆಗೆ ಕಲ್ಲಿನ ಸಣ್ಣ ಕಟ್ಟೆ. ಅದು ಹೊಳೆಯನ್ನು ಪೂರ್ತಿ ತಡೆಯುವುದಿಲ್ಲ, ಒಂದು ಪಾಲು ನೀರನ್ನು ಮಾತ್ರ ಪಕ್ಕದ ಕಾಲುವೆಗೆ ತಿರುಗಿಸುತ್ತದೆ. ಕಾಲುವೆಯಿಂದ ಮೇಲಿನ ಗದ್ದೆಗೆ, ಬದುವಿನ ಕಂಡಿಯಿಂದ ಕೆಳಗಿನ ಗದ್ದೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ. ಕೊನೆಯ ಗದ್ದೆ ದಾಟಿದ ನೀರು ಮತ್ತೆ ಹೊಳೆಗೇ ಸೇರುತ್ತದೆ. ಕೆಳಗಿನವನ ಪಾಲು ಕೆಳಗಿನವನಿಗೆ ಸಿಕ್ಕೇ ಸಿಗುತ್ತದೆ. ಸಮುದ್ರದ ಬಾಯಿಯಲ್ಲಿರುವ ಮೀನಿನ ಹೊಂಡಕ್ಕೂ ಸಿಹಿನೀರು ತಲುಪುತ್ತದೆ. ಬೆಟ್ಟದ ತುದಿಯಿಂದ ಕಡಲಿನವರೆಗೆ ಸೀಳಿದ ಪಟ್ಟಿಯ ಹಾಗೆ ಒಂದೊಂದು ಊರಿನ ಹಂಚಿಕೆ ಇರುತ್ತಿತ್ತು. ಅದಕ್ಕೆ ಅಹುಪುವಾಅ ಅಂತ ಹೆಸರು. ಹೊಳೆಯ ತಲೆ ಒಬ್ಬರದು, ಬುಡ ಇನ್ನೊಬ್ಬರದು ಅನ್ನೋ ಜಗಳಕ್ಕೆ ಜಾಗವೇ ಕಡಿಮೆ.

1793ರಲ್ಲಿ ಕ್ಯಾಪ್ಟನ್ ವ್ಯಾಂಕೂವರ್ ಜೊತೆ ಬಂದ ಸಸ್ಯತಜ್ಞ ಆರ್ಚಿಬಾಲ್ಡ್ ಮೆನ್ಜೀಸ್ ಲಹೈನಾದ ಗದ್ದೆ, ಕಾಲುವೆಗಳನ್ನು ಕಣ್ಣಾರೆ ಕಂಡು ಮೆಚ್ಚಿ ಬರೆದಿಟ್ಟಿದ್ದಾರೆ. ಊರಿನ ಜೀಗುಜ್ಜೆ ನೆರಳಿಗೂ ಆ ಕಾಲಕ್ಕೆ ದೊಡ್ಡ ಹೆಸರು. ನಮ್ಮ ಮಂಗಳೂರು ಕಡೆಯವರು ಪೋಡಿ ಮಾಡುವ ಅದೇ ಜೀಗುಜ್ಜೆ, ಬೇರೆ ಕಡೆ ದೀವಿಹಲಸು ಅಂತಾರಲ್ಲ, ಅದು.

ಬೇ ಏರಿಯಾ ಕನ್ನಡತಿ:
ನಾನು ಬೆಂಕಿಗೆ ಮೊದಲು ಲಹೈನಾಗೆ ಹೋಗಿದ್ದೆ. ನನಗೆ ಆಗ ಈ ಕೊಳದ ಕಥೆ ಯಾರೂ ಹೇಳಲಿಲ್ಲ. ಫ್ರಂಟ್ ಸ್ಟ್ರೀಟ್ ಅಂತ ಕಡಲಿಗೆ ಅಂಟಿಕೊಂಡ ರಸ್ತೆ. ಒಂದು ಕಡೆ ಮರದ ಹಳೇ ಅಂಗಡಿಗಳು, ಇನ್ನೊಂದು ಕಡೆ ತಡೆಗೋಡೆ, ಅದರಾಚೆ ನೀರು. ಎದುರಿಗೆ ಲನಾಯಿ ದ್ವೀಪ ಕೈಗೆ ಸಿಗೋ ಹಾಗೆ ಕಾಣುತ್ತದೆ. ಬಲಕ್ಕೆ ಮೊಲೊಕಾಯಿ, ಎಡಕ್ಕೆ ಕಹೊಓಲವೆ. ಮೂರು ಕಡೆ ದ್ವೀಪಗಳು ಅಡ್ಡ ಇರುವುದರಿಂದ ಸಮುದ್ರ ಕೆರೆಯಷ್ಟು ಶಾಂತ.

ಚಳಿಗಾಲದಲ್ಲಿ ಗೂನುಬೆನ್ನಿನ ತಿಮಿಂಗಿಲಗಳು ಅಲಾಸ್ಕ ಕಡೆಯಿಂದ ಇಲ್ಲಿಗೆ ಮರಿ ಹಾಕಲು ಬರುತ್ತವೆ. ತೀರದಲ್ಲಿ ನಿಂತೇ ನೋಡಬಹುದು. ಮೊದಲು ಒಂದು ಊದಿದ ಸದ್ದು, ಆಮೇಲೆ ನೀರಿನ ಹೊಗೆ, ಆಮೇಲೆ ಕಪ್ಪು ಬೆನ್ನು. ಇದೇ ಊರಿನಲ್ಲಿ ಒಂದು ಕಾಲಕ್ಕೆ ತಿಮಿಂಗಿಲ ಬೇಟೆಯವರು ಬೀಡುಬಿಟ್ಟಿದ್ದರು ಅಂತ ಅಲ್ಲಿ ಓದಿದೆ. ಇಲ್ಲೇ ಬೇಟೆ ಆಡ್ತಿದ್ರಾ?

ಭೂಗೋಳದ ಮೇಷ್ಟ್ರು:
ಆ ಕಡಲು ಶಾಂತವಾಗಿರಲು ಇನ್ನೊಂದು ಕಾರಣ ಇದೆ. ಮಾವಿ, ಲನಾಯಿ, ಮೊಲೊಕಾಯಿ, ಕಹೊಓಲವೆ ನಾಲ್ಕೂ ಹಿಮಯುಗದಲ್ಲಿ ಸಮುದ್ರ ಇಳಿದಿದ್ದಾಗ ಒಂದೇ ದ್ವೀಪವಾಗಿದ್ದವು. ಈಗ ನಡುವೆ ಇರುವುದು ಮುಳುಗಿದ ನೆಲ, ಹಾಗಾಗಿ ನೀರು ಅಷ್ಟೇನೂ ಆಳವಿಲ್ಲ. ಲಂಗರು ಹಾಕಲು ಅನುಕೂಲ. ಮರಿ ಹಾಕುವ ತಿಮಿಂಗಿಲಕ್ಕೂ ಅದೇ ಅನುಕೂಲ. ಬೇಟೆಯ ಬಗ್ಗೆ ಇತಿಹಾಸ ಗೊತ್ತಿರುವವರು ಹೇಳಲಿ.

ಇತಿಹಾಸಪ್ರಿಯೆ:
ಬೇಟೆ ನಡೀತಿದ್ದದ್ದು ಮುಖ್ಯವಾಗಿ ದೂರದ ಸಾಗರದಲ್ಲಿ. ಜಪಾನ್ ಕಡೆ, ಆಮೇಲೆ ಉತ್ತರದ ಆರ್ಕ್ಟಿಕ್ ಕಡೆ. ಅವರಿಗೆ ಬೇಕಿದ್ದದ್ದು ಎಣ್ಣೆ. ದೀಪಕ್ಕೂ ಅದೇ, ಯಂತ್ರಗಳಿಗೂ ಅದೇ. ಲಹೈನಾ ಅವರಿಗೆ ವಿಶ್ರಾಂತಿಯ, ಸಾಮಾನು ತುಂಬಿಕೊಳ್ಳುವ ಜಾಗ. ಸಿಹಿನೀರು, ಸೌದೆ, ಹಂದಿ, ಗೆಣಸು, ಆಲೂಗಡ್ಡೆ. ಬೇಟೆ ಹಡಗುಗಳು ಹವಾಯಿಗೆ ಮೊದಲು ಬಂದದ್ದು 1819ರಲ್ಲಿ. 1846ರಲ್ಲಿ ಲಹೈನಾ ಒಂದಕ್ಕೇ 400ಕ್ಕೂ ಹೆಚ್ಚು ಹಡಗುಗಳು ಬಂದವು. ಆ ಪುಟ್ಟ ತೀರದ ಮೇಲೆ ಅದೆಷ್ಟು ಒತ್ತಡ ಇದ್ದಿರಬೇಕು ಊಹಿಸಿ.

ಅದೇ ಹೊತ್ತಿಗೆ ಇನ್ನೊಂದು ಕಡೆಯಿಂದ ಕ್ರೈಸ್ತ ಮಿಷನರಿಗಳು ಬಂದರು. 1823ರಲ್ಲಿ ರಾಣಿ ಕಿಯೋಪುವೊಲಾನಿ ಲಹೈನಾಗೆ ಬಂದು ನೆಲೆಸಿದಾಗ ವಿಲಿಯಂ ರಿಚರ್ಡ್ಸ್, ಚಾರ್ಲ್ಸ್ ಸ್ಟುವರ್ಟ್ ಜೊತೆಗೆ ಬಂದರು. ಆಕೆ ಒಂದನೇ ಕಮೇಹಮೇಹನ ಪತ್ನಿ, ಎರಡನೇ ಮತ್ತು ಮೂರನೇ ಕಮೇಹಮೇಹರ ತಾಯಿ, ರಾಜ್ಯದಲ್ಲೇ ಅತಿ ಎತ್ತರದ ಕುಲದವಳು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಳು. ಆಕೆಯ ಸಮಾಧಿ ಈಗಲೂ ವಯೋಲಾ ಚರ್ಚಿನ ಸ್ಮಶಾನದಲ್ಲಿದೆ.

1825ರಲ್ಲಿ ಹೆಂಗಸರು ಹಡಗುಗಳಿಗೆ ಹೋಗಬಾರದು ಅಂತ ಹವಾಯಿ ಮುಖಂಡರು ಕಟ್ಟಳೆ ತಂದರು. ನಾವಿಕರು ರೊಚ್ಚಿಗೆದ್ದರು. ಡೇನಿಯಲ್ ಅನ್ನೋ ಬ್ರಿಟಿಷ್ ಹಡಗಿನವರು ರಿಚರ್ಡ್ಸ್ ಮನೆಗೆ ನುಗ್ಗಿದರು. 1827ರಲ್ಲಿ ಮಾವಿಯ ಆಡಳಿತ ನೋಡುತ್ತಿದ್ದ ಹೊವಾಪಿಲಿ, ಜಾನ್ ಪಾಮರ್ ಹಡಗಿನ ಕಪ್ತಾನನನ್ನೇ ತಡೆದು ಇಟ್ಟುಕೊಂಡ. ಹಡಗಿನಿಂದ ಊರಿನ ಮೇಲೆ ಫಿರಂಗಿ ಹಾರಿತು. ಆಮೇಲೆ ಹೊವಾಪಿಲಿ ಹವಳದ ಕಲ್ಲುಗಳನ್ನು ಪೇರಿಸಿ ಕೋಟೆ ಕಟ್ಟಿಸಿದ. ಕತ್ತಲಾಗುವ ಹೊತ್ತಿಗೆ ಕೋಟೆಯ ಕಾವಲುಗಾರ ನಗಾರಿ ಬಾರಿಸುತ್ತಿದ್ದ. ಅದು ಕೇಳಿದ ಕೂಡಲೇ ನಾವಿಕರು ದೋಣಿ ಹತ್ತಿ ಹಡಗಿಗೆ ಮರಳಬೇಕು. ತಡಮಾಡಿ ಸಿಕ್ಕಿಬಿದ್ದವರಿಗೆ ರಾತ್ರಿ ಕೋಟೆಯೊಳಗೇ. 1850ರ ದಶಕದಲ್ಲಿ ಕೋಟೆ ಕೆಡವಿ ಅದೇ ಹವಳದ ಕಲ್ಲಿನಿಂದ ಜೈಲಿನ ಗೋಡೆ ಕಟ್ಟಿದರು. ಕುಡಿದು ಬಿದ್ದದ್ದು, ಹಡಗು ಬಿಟ್ಟು ಓಡಿದ್ದು, ಬೀದಿಯಲ್ಲಿ ಕುದುರೆಯನ್ನು ಹುಚ್ಚಾಪಟ್ಟೆ ಓಡಿಸಿದ್ದು: ಇಂಥ ತಪ್ಪುಗಳಿಗೆ ಅಲ್ಲಿ ಕೂಡಿಹಾಕುತ್ತಿದ್ದರು.

ಇದನ್ನೆಲ್ಲ ಬರೀತಾ ನನಗೆ ಮುಖ್ಯ ಅನಿಸೋದು ಒಂದೇ. ಹವಾಯಿ ಮುಖಂಡರು ಸುಮ್ನೆ ಕೈಕಟ್ಟಿ ಕೂತಿರಲಿಲ್ಲ. ಕಟ್ಟಳೆ, ಕೋಟೆ, ಸಂವಿಧಾನ, ಶಾಲೆ ಅಂತ ಒಂದಾದ ಮೇಲೆ ಒಂದು ಕಟ್ಟುತ್ತಾ ಹೋದರು. ಅವರನ್ನು ಮುಗ್ಧರು, ಮೋಸಹೋದವರು ಅಂತ ಮಾತ್ರ ಚಿತ್ರಿಸೋದು ಅವರಿಗೆ ಮಾಡುವ ಅನ್ಯಾಯ.

ಕಡಲಬದಿ:
ಈ ಮಾತನ್ನು ಹೇಳಿದ್ದಕ್ಕೆ ಧನ್ಯವಾದ. ಶಾಲೆಯ ಬಗ್ಗೆ ನಾನು ಸೇರಿಸುತ್ತೇನೆ. ಊರಿನ ಮೇಲಿನ ಇಳಿಜಾರಿನಲ್ಲಿ 1831ರಲ್ಲಿ ಲಹೈನಾಲುನಾ ಶಾಲೆ ಶುರುವಾಯಿತು. ಅಲ್ಲಿನ ಅಚ್ಚುಕೂಟದಲ್ಲಿ 1834ರ ಫೆಬ್ರವರಿ 14ರಂದು "ಕಾ ಲಾಮಾ ಹವಾಯಿ" ಪತ್ರಿಕೆ ಹೊರಬಂತು. ಹವಾಯಿಯ ಮೊದಲ ಪತ್ರಿಕೆ, ಅದೂ ಹವಾಯಿ ಭಾಷೆಯಲ್ಲೇ. ವಿದ್ಯಾರ್ಥಿಗಳೇ ತಾಮ್ರದ ತಗಡಿನ ಮೇಲೆ ಕೊರೆದು ಭೂಪಟಗಳನ್ನು ಅಚ್ಚು ಹಾಕುತ್ತಿದ್ದರು.

ಮೊದಲ ವಿದ್ಯಾರ್ಥಿಗಳಲ್ಲಿ ಡೇವಿಡ್ ಮಾಲೊ ಒಬ್ಬರು. ಹಳೆಯ ಹವಾಯಿಯ ಪದ್ಧತಿ, ಕಟ್ಟಳೆ, ದೇವರು, ಬೇಸಾಯ ಎಲ್ಲವನ್ನೂ ತಮ್ಮ ಭಾಷೆಯಲ್ಲಿ ಬರೆದಿಟ್ಟರು. 1853ರಲ್ಲಿ ತೀರಿಕೊಂಡಾಗ ಅವರ ಆಸೆಯಂತೆ ಶಾಲೆಯ ಮೇಲಿನ ಗುಡ್ಡದ ಎತ್ತರದಲ್ಲಿ ಮಣ್ಣು ಮಾಡಿದರು. ಹೊರಗಿನವರ ಕೈಗೆ ಊರಿನ ನೆಲ ಹೋಗುತ್ತಿರುವುದನ್ನು ಅವರು ಆಗಲೇ ಕಂಡಿದ್ದರು. ಶಾಲೆ ಈಗಲೂ ಸರ್ಕಾರಿ ಹೈಸ್ಕೂಲಾಗಿ ನಡೆಯುತ್ತಿದೆ, ಹಾಸ್ಟೆಲ್ ಕೂಡ ಇದೆ. ಎತ್ತರದಲ್ಲಿ ಇದ್ದದ್ದರಿಂದ 2023ರಲ್ಲಿ ಶಾಲೆಯೂ ಹಳೆಯ ಅಚ್ಚುಕೂಟವೂ ಉಳಿದುಕೊಂಡವು.

ಕುತೂಹಲಿ:
ರಾಜಧಾನಿ, ಬಂದರು, ಶಾಲೆ ಎಲ್ಲ ಸರಿ. ಆದರೆ ಕಡಲಬದಿ ಅವರ ಮೂಲ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ನೀರು ಎಲ್ಲಿ ಹೋಯಿತು?

ತೋಟದಮನೆ:
ಕಬ್ಬಿಗೆ ಹೋಯಿತು.

1845ರಲ್ಲಿ ರಾಜಧಾನಿ ಹೊನೊಲುಲುಗೆ ಹೋಯಿತು. 1859ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಕಲ್ಲೆಣ್ಣೆ ಸಿಕ್ಕಿತು, ತಿಮಿಂಗಿಲದ ಎಣ್ಣೆಗೆ ಬೆಲೆ ಬಿತ್ತು. 1871ರಲ್ಲಿ ಆರ್ಕ್ಟಿಕ್ ಹಿಮದಲ್ಲಿ 33 ಬೇಟೆ ಹಡಗುಗಳು ಸಿಕ್ಕಿಕೊಂಡವು, ಅವನ್ನು ಅಲ್ಲೇ ಬಿಟ್ಟುಬರಬೇಕಾಯಿತು. ಬಂದರಿನ ಕಥೆ ಅಲ್ಲಿಗೆ ಮುಗಿಯಿತು. ಅಷ್ಟರಲ್ಲಿ ಭೂಮಿಯ ಕಾನೂನೂ ಬದಲಾಗಿತ್ತು. 1848ರಲ್ಲಿ ನೆಲವನ್ನು ಅರಸ, ಮುಖಂಡರ ನಡುವೆ ಪಾಲು ಮಾಡಿದರು. 1850ರಲ್ಲಿ ವಿದೇಶಿಯರೂ ಜಮೀನು ಕೊಳ್ಳಬಹುದು ಅಂತಾಯಿತು. ಇನ್ನೊಂದು ಕಡೆ ಹೊರಗಿನಿಂದ ಬಂದ ದಡಾರ, ಸಿಡುಬಿನಿಂದ ಹವಾಯಿಯವರ ಸಂಖ್ಯೆ ಕುಸಿಯುತ್ತಾ ಹೋಯಿತು. ಗದ್ದೆ ಮಾಡುವ ಕೈಗಳೇ ಕಡಿಮೆಯಾದವು.

1860ರಲ್ಲಿ ಪಯೋನಿಯರ್ ಮಿಲ್ ಅನ್ನೋ ಸಕ್ಕರೆ ಕಾರ್ಖಾನೆ ಶುರುವಾಯಿತು. ಕಬ್ಬಿಗೆ ಎಷ್ಟು ನೀರು ಬೇಕು ಅಂತ ಮಂಡ್ಯದವರಿಗೆ ಬಿಡಿಸಿ ಹೇಳಬೇಕಿಲ್ಲ. ಕಣಿವೆಯ ತಲೆಯಲ್ಲೇ ಹೊಳೆಗಳನ್ನು ತಿರುಗಿಸಿದರು. ಉತ್ತರದ ದೂರದ ಕಣಿವೆಗಳಿಂದಲೂ ಬೆಟ್ಟ ಕೊರೆದು ಕಾಲುವೆ ತಂದರು. ಹಳೆಯ ಏರ್ಪಾಡಿನಲ್ಲಿ ನೀರು ಗದ್ದೆ ದಾಟಿ ಹೊಳೆಗೆ ಮರಳುತ್ತಿತ್ತು ಅಂದೆನಲ್ಲ, ಇಲ್ಲಿ ಮರಳಲೇ ಇಲ್ಲ. ಕೆಳಗಿನ ಕೆಸುವಿನ ಗದ್ದೆ ಒಣಗಿತು. ಜೀಗುಜ್ಜೆ ತೋಪು ಕಡಿದು ಅಲ್ಲೂ ಕಬ್ಬು ಹಾಕಿದರು. ಕೊಳಕ್ಕೆ ಹೊಸ ನೀರು ಬರದೆ ಸೊಳ್ಳೆ ತುಂಬಿದ ಕೆಸರಾಯಿತು. ಆಮೇಲೆ ಆರೋಗ್ಯಕ್ಕೆ ಕೆಟ್ಟದ್ದು ಅಂತ ಅದನ್ನು ಮುಚ್ಚಿದರು. ನೀರು ಕಿತ್ತುಕೊಂಡವರೇ ಕೊಳ ಗಲೀಜಾಗಿದೆ ಅಂದದ್ದು ನನಗೆ ತುಂಬಾ ನೋವಿನ ಸಂಗತಿ.

ಇತಿಹಾಸಪ್ರಿಯೆ:
ಸೊಳ್ಳೆಯ ಮಾತು ಬಂತಲ್ಲ. ಹವಾಯಿಯಲ್ಲಿ ಮೊದಲು ಸೊಳ್ಳೆಯೇ ಇರಲಿಲ್ಲ! 1826ರ ಹೊತ್ತಿಗೆ ಮೆಕ್ಸಿಕೋ ಕಡೆಯಿಂದ ಬಂದ ವೆಲ್ಲಿಂಗ್ಟನ್ ಹಡಗಿನವರು ಪೀಪಾಯಿಗಳ ಹಳೇ ನೀರನ್ನು ಲಹೈನಾದಲ್ಲಿ ಚೆಲ್ಲಿ ಹೊಸ ನೀರು ತುಂಬಿಕೊಂಡರು. ಆ ಹಳೇ ನೀರಿನಲ್ಲಿ ಸೊಳ್ಳೆಯ ಮರಿಗಳಿದ್ದವು. ಆಮೇಲೆ ಸೊಳ್ಳೆಯಿಂದ ಹಕ್ಕಿ ಮಲೇರಿಯಾ ಹರಡಿ ಹವಾಯಿಯ ಎಷ್ಟೋ ಜಾತಿಯ ಕಾಡುಹಕ್ಕಿಗಳು ಅಳಿದುಹೋದವು. ಈಗಲೂ ಉಳಿದವು ಸೊಳ್ಳೆ ಹತ್ತದ ಎತ್ತರದ ತಂಪು ಕಾಡುಗಳಲ್ಲಿ ಮಾತ್ರ ಬದುಕುಳಿದಿವೆ.

ಇನ್ನೊಂದು ಮಾತು. ಕಬ್ಬಿನ ಕಾಲವನ್ನು ಬೈದು ಮುಗಿಸಬಾರದು. ಗದ್ದೆಯಲ್ಲಿ ದುಡಿದವರು ಚೀನಾ, ಜಪಾನ್, ಪೋರ್ಚುಗಲ್, ಕೊರಿಯಾ, ಪೋರ್ಟೊ ರಿಕೊ, ಫಿಲಿಪ್ಪೀನ್ಸ್‌ನಿಂದ ಬಂದ ಬಡವರು. 2023ರಲ್ಲಿ ಮನೆ ಕಳೆದುಕೊಂಡವರಲ್ಲಿ ಅವರ ಮೊಮ್ಮಕ್ಕಳೇ ಎಷ್ಟೋ ಜನ. 1912ರಲ್ಲಿ ಚೀನೀಯರು ಕಟ್ಟಿದ ವೋ ಹಿಂಗ್ ಭವನ ಸುಟ್ಟುಹೋಯಿತು. ಅದೇ ವರ್ಷ ಶುರುವಾದ ಜಪಾನೀಯರ ಜೋಡೋ ಬೌದ್ಧ ಮಂದಿರವೂ ಸುಟ್ಟಿತು. 1968ರಲ್ಲಿ ಜಪಾನೀಯರ ವಲಸೆಗೆ ನೂರು ವರ್ಷ ತುಂಬಿದ ನೆನಪಿಗೆ ಕೂರಿಸಿದ ಬುದ್ಧನ ಕಂಚಿನ ವಿಗ್ರಹ ಮಾತ್ರ ಅಲ್ಲೇ ಉಳಿದಿದೆ.

ಕುತೂಹಲಿ:
ಒಪ್ಪಿದೆ. ಆದರೆ ಪಯೋನಿಯರ್ ಮಿಲ್ 1999ರಲ್ಲೇ ಮುಚ್ಚಿತು. ಬೆಂಕಿ ಬಿದ್ದದ್ದು 2023ರಲ್ಲಿ. ಆ ದಿನ ಗಾಳಿ ಭಯಂಕರ ಇತ್ತು. ದಕ್ಷಿಣದಲ್ಲಿ ಡೋರಾ ಚಂಡಮಾರುತ ಹಾದುಹೋಗುತ್ತಿತ್ತು, ಉತ್ತರದಲ್ಲಿ ಅಧಿಕ ಒತ್ತಡ. ಗಾಳಿಗೆ ಮುರಿದ ಕರೆಂಟಿನ ತಂತಿಯಿಂದ ಬೆಳಗ್ಗೆ ಕಿಡಿ ಹತ್ತಿತು, ಆರಿತು ಅಂದುಕೊಂಡ ಬೆಂಕಿ ಮಧ್ಯಾಹ್ನ ಮತ್ತೆ ಎದ್ದಿತು ಅಂತ 2024ರ ಅಕ್ಟೋಬರ್‌ನಲ್ಲಿ ಬಂದ ತನಿಖಾ ವರದಿ ಹೇಳಿದೆ. ಅಪಾಯದ ಸೈರನ್ ಕೂಡ ಕೂಗಲಿಲ್ಲ. ಇದಕ್ಕೆಲ್ಲ ನೂರು ವರ್ಷದ ಹಿಂದಿನ ಕಬ್ಬನ್ನು ಹೊಣೆ ಮಾಡೋದು ಸರಿಯಾ?

ಭೂಗೋಳದ ಮೇಷ್ಟ್ರು:
ಗಾಳಿ ಹೊಸದಲ್ಲ. ಕವಾಉಲಾ ಕಣಿವೆಯಿಂದ ಇಳಿದು ಊರಿಗೆ ಅಪ್ಪಳಿಸುವ ಗಾಳಿಗೆ ಅಲ್ಲಿಯವರು ಕಣಿವೆಯ ಹೆಸರನ್ನೇ ಇಟ್ಟಿದ್ದಾರೆ. 1858ರಲ್ಲಿ ಅದು ವೈನೆಎ ಚರ್ಚಿನ ಚಾವಣಿ ಹಾರಿಸಿತು. 1951ರಲ್ಲಿ ಅದೇ ಚರ್ಚನ್ನು ಪೂರ್ತಿ ಕೆಡವಿತು. 1953ರಲ್ಲಿ ಮತ್ತೆ ಕಟ್ಟಿ ವಯೋಲಾ ಅಂತ ಹೆಸರು ಬದಲಾಯಿಸಿದರು. ಅಂದರೆ ಊರಿಗೆ ಈ ಗಾಳಿಯ ಪರಿಚಯ ಚೆನ್ನಾಗಿತ್ತು.

1858ರಲ್ಲಿ ಚಾವಣಿ ಹಾರಿತು, ಊರು ಉರಿಯಲಿಲ್ಲ. 2023ರಲ್ಲಿ ಉರಿಯಿತು. ನಡುವೆ ಬದಲಾದದ್ದು ಏನು ಅಂತ ನೋಡಬೇಕು.

ತೋಟದಮನೆ:
ಬದಲಾದದ್ದು ಹುಲ್ಲು. ಕಬ್ಬು ಇದ್ದಷ್ಟು ದಿನ ಊರಿನ ಮೇಲಿನ ಇಳಿಜಾರು ಕೊನೇಪಕ್ಷ ಹಸಿಯಾಗಿರುತ್ತಿತ್ತು, ಕೆಲಸದವರು ಓಡಾಡುತ್ತಿದ್ದರು, ದಾರಿಗಳಿದ್ದವು. ಮಿಲ್ ಮುಚ್ಚಿದ ಮೇಲೆ ಸಾವಿರಾರು ಎಕರೆ ಬೀಳುಬಿತ್ತು. ಅಲ್ಲಿಗೆ ಗಿನಿ ಹುಲ್ಲು, ಬಫೆಲ್ ಹುಲ್ಲು ನುಗ್ಗಿದವು. ಗಿನಿ ಹುಲ್ಲನ್ನು ನಾವೂ ಹಸುಗಳಿಗೆ ಅಂತ ಹಾಕ್ತೀವಿ. ಮಳೆ ಬಿದ್ದರೆ ಆಳೆತ್ತರ ಬೆಳೆಯುತ್ತದೆ. ದನ ಮೇಯದೆ, ಕೊಯ್ಯದೆ ಬಿಟ್ಟರೆ ಬುಡದಲ್ಲಿ ಒಣ ತರಗು ಅಡಿಗಟ್ಟಲೆ ಸೇರುತ್ತದೆ. ಬೆಂಕಿ ಬಿದ್ದರೂ ಬೇರು ಸಾಯೋದಿಲ್ಲ, ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಬೆಂಕಿಯಲ್ಲಿ ಸಾಯೋದು ಸ್ಥಳೀಯ ಗಿಡಗಳು. ಹಾಗಾಗಿ ಒಂದೊಂದು ಬೆಂಕಿಯಾದ ಮೇಲೂ ಹುಲ್ಲಿನ ಜಾಗ ಇನ್ನಷ್ಟು ಹಿಗ್ಗುತ್ತದೆ.

ಈಗ ಲೆಕ್ಕ ಹಾಕಿ. ಮೇಲೆ ಒಣಹುಲ್ಲಿನ ಇಳಿಜಾರು. ಕೆಳಗೆ ಒತ್ತೊತ್ತಾಗಿ ಮರದ ಮನೆಗಳು. ಒಂದು ಕಾಲಕ್ಕೆ ನಡುವೆ ಇದ್ದ ಒದ್ದೆ ಗದ್ದೆ, ಕಾಲುವೆ, ತೋಪು ಯಾವುದೂ ಇಲ್ಲ. ತಂತಿ ಮುರಿದದ್ದು ಆ ದಿನದ ಕಾರಣ, ಅದರ ಹೊಣೆ ಇದ್ದವರು ಉತ್ತರ ಹೇಳಲೇಬೇಕು. ಆದರೆ ಕಿಡಿಗೆ ಸಿಕ್ಕ ಉರುವಲು ನೂರೈವತ್ತು ವರ್ಷಗಳಲ್ಲಿ ಸೇರಿದ್ದು.

ಬೇ ಏರಿಯಾ ಕನ್ನಡತಿ:
ಆ ಮಧ್ಯಾಹ್ನ ಫ್ರಂಟ್ ಸ್ಟ್ರೀಟ್‌ನಲ್ಲಿ ಕಾರುಗಳು ಒಂದರ ಹಿಂದೆ ಒಂದು ಸಿಕ್ಕಿಕೊಂಡವು. ಜನ ಕಾರು ಬಿಟ್ಟು ನಾನು ಹೇಳಿದ ಅದೇ ತಡೆಗೋಡೆ ದಾಟಿ ಸಮುದ್ರಕ್ಕೆ ಇಳಿದರು. ಗಂಟೆಗಟ್ಟಲೆ ನೀರಿನಲ್ಲೇ ನಿಂತರು. ಅಗ್ನಿಶಾಮಕದವರ ನಲ್ಲಿಗಳಲ್ಲಿ ನೀರಿನ ಒತ್ತಡ ಬಿದ್ದುಹೋಗಿತ್ತು. ಸುಟ್ಟ ಮನೆಗಳ ಪೈಪುಗಳು ಕರಗಿ ನೀರು ಸುಮ್ನೆ ಹರಿದುಹೋಗುತ್ತಿತ್ತು. 2020ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 12,700ರಷ್ಟು. ಇಷ್ಟು ಸಣ್ಣ ಊರಿನಲ್ಲಿ 102 ಜನ ಅಂದರೆ, ಸತ್ತವರಲ್ಲಿ ಒಬ್ಬರಾದರೂ ಗೊತ್ತಿಲ್ಲದ ಮನೆ ಅಲ್ಲಿ ಇರಲಿಕ್ಕಿಲ್ಲ.

ಆಲದ ಮರದ ಬಗ್ಗೆ ಯಾರೂ ಬರೆದಿಲ್ಲವಲ್ಲ? ಅದು ನಮ್ಮ ದೇಶದಿಂದ ಹೋದದ್ದು.

ಇತಿಹಾಸಪ್ರಿಯೆ:
ಹೌದು, ಭಾರತದಿಂದ ತರಿಸಿದ ಸಸಿ. 1873ರ ಏಪ್ರಿಲ್ 24ರಂದು, ಲಹೈನಾಗೆ ಮಿಷನರಿಗಳು ಬಂದು 50 ವರ್ಷವಾದ ನೆನಪಿಗೆ, ಹಳೇ ಕೋಟೆ ಇದ್ದ ಜಾಗದಲ್ಲಿ ನೆಟ್ಟರು. ಆಗ ಅದು ಎಂಟು ಅಡಿ ಎತ್ತರ. ಬೆಂಕಿಗೆ ಮೊದಲು ಅದು ಬಿಳಲುಗಳೇ ಬೊಡ್ಡೆಗಳಾಗಿ ಅರ್ಧ ಎಕರೆಗೂ ಜಾಸ್ತಿ ಜಾಗ ಹಬ್ಬಿತ್ತು. ಬಿಳಲು ಬೇಕಾದ ಕಡೆ ಇಳಿಯಲಿ ಅಂತ ಒಬ್ಬ ಜಪಾನೀ ತೋಟಗಾರ ಅದರ ತುದಿಗೆ ನೀರು ತುಂಬಿದ ಗಾಜಿನ ಭರಣಿಗಳನ್ನು ಕಟ್ಟಿ ತೂಗುಬಿಡುತ್ತಿದ್ದ ಅಂತ ಊರಿನವರು ಹೇಳುತ್ತಾರೆ.

ಮರ ನೆಟ್ಟವನು ಆಗಿನ ಶೆರಿಫ್ ವಿಲಿಯಂ ಓವನ್ ಸ್ಮಿತ್. ಇಪ್ಪತ್ತು ವರ್ಷದ ಮೇಲೆ, 1893ರಲ್ಲಿ, ರಾಣಿ ಲಿಲಿಉಓಕಲಾನಿಯನ್ನು ಸಿಂಹಾಸನದಿಂದ ಇಳಿಸಿದ ಗುಂಪಿನಲ್ಲಿ ಆತನೂ ಇದ್ದ. ಹಾಗಾಗಿ ಹವಾಯಿಯವರಲ್ಲಿ ಎಲ್ಲರಿಗೂ ಆ ಮರದ ಬಗ್ಗೆ ಒಂದೇ ಭಾವನೆ ಇಲ್ಲ. ಅದರ ನೆರಳಿನಲ್ಲಿ ಆಡಿ ಬೆಳೆದವರಿಗೆ ಅದು ಊರಿನ ಜೀವ. ಇನ್ನು ಕೆಲವರು, ಜಗತ್ತೆಲ್ಲ ಆಲದ ಬಗ್ಗೆ ಅತ್ತಿತು, ಕಡಿದ ಜೀಗುಜ್ಜೆ ತೋಪಿನ ಬಗ್ಗೆ ಯಾರೂ ಅಳಲಿಲ್ಲ ಅಂತಾರೆ. ಎರಡೂ ಮಾತು ನನಗೆ ಸರಿ ಅನಿಸುತ್ತದೆ.

ತೋಟದಮನೆ:
ಆಲಕ್ಕೆ ಬೆಂಕಿಯ ಝಳ ಜೋರಾಗಿಯೇ ತಾಗಿತು. ಮರ ತಜ್ಞರು ಬುಡಕ್ಕೆ ದಿನಾ ಟ್ಯಾಂಕರಿನಲ್ಲಿ ನೀರು ಕೊಟ್ಟು, ಕಾಂಪೋಸ್ಟ್ ಹಾಕಿ, ಗಟ್ಟಿಯಾದ ಮಣ್ಣು ಸಡಿಲ ಮಾಡಿದರು. ಸೆಪ್ಟೆಂಬರ್‌ನಲ್ಲೇ ಹೊಸ ಎಲೆ ಬಂತು. ಸತ್ತ ಭಾಗಗಳನ್ನು ಕತ್ತರಿಸಿ ತೆಗೆದರು, ಉಳಿದದ್ದು ಬೆಳೆಯುತ್ತಿದೆ.

ಜೀಗುಜ್ಜೆಯ ಕೆಲಸವೂ ನಡೀತಿದೆ. ಹವಾಯಿಯ ತಳಿಗೆ ಬೀಜ ಇಲ್ಲ, ಸಾಮಾನ್ಯವಾಗಿ ಬೇರಿನಿಂದ ಏಳುವ ಚಿಗುರಿನಿಂದ ಗಿಡ ಮಾಡುತ್ತಾರೆ. ಮೇಲೆಲ್ಲ ಸುಟ್ಟ ಮರದ ಬೇರಿನಲ್ಲಿ ಜೀವ ಇದ್ದರೆ ಆ ತಳಿ ಉಳಿಯುತ್ತದೆ. ಸುಟ್ಟ ಹಿತ್ತಿಲುಗಳಲ್ಲಿ ಬೇರು ಅಗೆದು ಸಸಿ ಮಾಡುವ ಕೆಲಸಕ್ಕೆ ಊರಿನವರೇ ಇಳಿದಿದ್ದಾರೆ.

ಕುತೂಹಲಿ:
ಕೊಳವನ್ನು ಮತ್ತೆ ತೆಗೆಯಲು ಆಗುತ್ತದಾ?

ಕಡಲಬದಿ:
1990ರ ದಶಕದಲ್ಲಿ ಪುರಾತತ್ವದವರು ಮೈದಾನವನ್ನು ಅಲ್ಲಲ್ಲಿ ಅಗೆದು ನೋಡಿದರು. ಕೆಲವೇ ಅಡಿ ಕೆಳಗೆ ಮೊಕುಉಲಾದ ಕುರುಹುಗಳು ಸಿಕ್ಕವು. ಕೊಳವನ್ನು ಮತ್ತೆ ತೆರೆಯಬೇಕು ಅನ್ನೋದು ಅಲ್ಲಿನ ಹವಾಯಿ ಸಮುದಾಯದ ಹಳೆಯ ಒತ್ತಾಯ. ಬೆಂಕಿಯ ಮೇಲೆ ಊರನ್ನು ಹೇಗೆ ಕಟ್ಟಬೇಕು ಅನ್ನೋ ಚರ್ಚೆಯಲ್ಲಿ ಅದು ಮತ್ತೆ ಮುಂದೆ ಬಂದಿದೆ.

ಅಗೆಯೋದು ಸುಲಭ, ನೀರು ಬೇಕಲ್ಲ. ಮಿಲ್ ಮುಚ್ಚಿದರೂ ಅದರ ಕಾಲುವೆಗಳು ಸುಮ್ನೆ ನಿಲ್ಲಲಿಲ್ಲ. ನೀರು ಹೊಸ ಬಡಾವಣೆಗಳ ಕಡೆ ಹರಿಯಿತು. 1960ರ ದಶಕದಿಂದ ಪಕ್ಕದ ಕಾಅನಪಲಿಯಲ್ಲಿ ಸಾಲುಸಾಲು ಹೋಟೆಲುಗಳು ಎದ್ದಿವೆ, ಅಲ್ಲೂ ನೀರು ಬೇಕು. ಕಣಿವೆಯಲ್ಲಿ ಇನ್ನೂ ಕೆಸು ಬೆಳೆಯುವ ಕೆಲವು ಹವಾಯಿ ಕುಟುಂಬಗಳು ವರ್ಷಗಟ್ಟಲೆ ಹೋರಾಡಿದವು. 2018ರಲ್ಲಿ ಕವಾಉಲಾ ಹೊಳೆಯಲ್ಲಿ ಇಂತಿಷ್ಟು ನೀರು ಬಿಡಲೇಬೇಕು ಅಂತ ರಾಜ್ಯದ ಜಲ ಆಯೋಗ ನಿಗದಿ ಮಾಡಿತು. 2022ರ ಜೂನ್‌ನಲ್ಲಿ, ಬೆಂಕಿಗೆ ಒಂದು ವರ್ಷ ಮೊದಲು, ಲಹೈನಾದ ಹೊಳೆ ಮತ್ತು ಅಂತರ್ಜಲ ಎರಡನ್ನೂ ನೇರವಾಗಿ ತನ್ನ ಹಿಡಿತಕ್ಕೆ ತಂದುಕೊಂಡಿತು. ಈಗ ಅಲ್ಲಿ ದೊಡ್ಡ ಪ್ರಮಾಣದಲ್ಲಿ ನೀರು ಎತ್ತಬೇಕಾದರೆ ಆಯೋಗದ ಪರವಾನಗಿ ಬೇಕು. ಯಾರಿಗೆ ಎಷ್ಟು ಅನ್ನೋದರ ಮೇಲೆ ಕೊಳದ ಭವಿಷ್ಯ ನಿಂತಿದೆ.

ಭೂಗೋಳದ ಮೇಷ್ಟ್ರು:
ಪುಉ ಕುಕುಯಿ ಮೇಲೆ ಮಳೆ ಈಗಲೂ ಸುರಿಯುತ್ತಿದೆ. ಪರವಾನಗಿ ಹಂಚುವಾಗ ಹೊಳೆಯ ಪಾಲು ಮೊದಲು, ಆಮೇಲೆ ಕಣಿವೆಯ ಕೆಸುವಿನ ಗದ್ದೆಗಳು ಮತ್ತು ಊರಿನ ಮನೆಗಳು, ಹೋಟೆಲುಗಳು ಕೊನೆಗೆ. ನನ್ನ ಅಭಿಪ್ರಾಯ ಇದು. ಬೇರೆ ಅಭಿಪ್ರಾಯ ಇದ್ದವರು ಬರೆಯಿರಿ, ಚರ್ಚೆ ಮುಂದುವರಿಸೋಣ.